ಮೈಸೂರಿನ ಐದು ಭಾನುವಾರದ ಅಫಿಲಿಯೇಟ್ ಕ್ಲಾಸ್: ಏನು ಸಿಕ್ಕಿತು, ಏನು ಸಿಗಲಿಲ್ಲ

ಕಳೆದ ವರ್ಷ ಮಂಡ್ಯದಿಂದ ಮೈಸೂರಿಗೆ ಐದು ಭಾನುವಾರ ರೈಲಿನಲ್ಲಿ ಓಡಾಡಿ ಅಫಿಲಿಯೇಟ್ ಮಾರ್ಕೆಟಿಂಗ್ ಕ್ಲಾಸ್ ಒಂದನ್ನು ಮುಗಿಸಿದೆ. ಫೀಸು 4,000 ರೂಪಾಯಿ. ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ. ಸ್ಟೇಷನ್ನಿಂದ ನಡೆದೇ ಹೋಗಬಹುದಾದ ಒಂದು ಮನೆಯ ಮಹಡಿ, ಹದಿನೆಂಟು ಜನ, ಪ್ಲಾಸ್ಟಿಕ್ ಕುರ್ಚಿ, ಒಂದು ಪ್ರೊಜೆಕ್ಟರ್. ಸೇರಬೇಕಾ ಬೇಡವಾ ಅಂತ ಈಗಲೂ ಯಾರಾದರೂ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಒಂದೇ ಸಲ ಎಲ್ಲವನ್ನೂ ಬರೆದುಬಿಡೋಣ ಅಂತ ಕೂತಿದ್ದೇನೆ. ಹೆಸರು ಹಾಕುತ್ತಿಲ್ಲ. ಒಬ್ಬರೇ ನಡೆಸುವ ಸಣ್ಣ ಕ್ಲಾಸು ಅದು. ಸೇರುವ ಮುಂಚೆ ನಾನು ವಿಚಾರಿಸಿದ ಇನ್ನೆರಡು ಕಡೆಯೂ ಹೆಚ್ಚುಕಮ್ಮಿ ಇದೇ ಪಾಠ ಇತ್ತು, ಹಾಗಾಗಿ ನೀವು ಎಲ್ಲಿಗೆ ಹೋದರೂ ಇದು ಉಪಯೋಗಕ್ಕೆ ಬರುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಆನ್‌ಲೈನ್ ಅಂಗಡಿಯವರು ಕೊಟ್ಟ ಲಿಂಕನ್ನು ನಮ್ಮ ಬರಹದಲ್ಲೋ ವಿಡಿಯೊ ಕೆಳಗೋ ಹಾಕುತ್ತೇವೆ, ಓದಿದವರು ಅದನ್ನು ಒತ್ತಿ ಹೋಗಿ ಏನಾದರೂ ಕೊಂಡರೆ ನಮಗೆ ಕಮಿಷನ್ ಬರುತ್ತದೆ. ಕೊಂಡವರಿಗೆ ಅದರಿಂದ ಬೆಲೆ ಜಾಸ್ತಿ ಆಗುವುದಿಲ್ಲ. ಅಮೆಜಾನ್ ಇದನ್ನು ಅಮೆರಿಕದಲ್ಲಿ 1996ರಲ್ಲೇ ಶುರು ಮಾಡಿತ್ತು. ಯಾವ ವಿಷಯ ಹಿಡಿದು ಬರೆಯುತ್ತೇವೋ ಅದಕ್ಕೆ ಈ ಕಡೆಯವರು ನಿಶ್ ಅನ್ನುತ್ತಾರೆ. ಹೊಸಬರು ಎಡವುವುದು ಹೆಚ್ಚಾಗಿ ಅಲ್ಲೇ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಮೂರನೇ ಭಾನುವಾರದ ಪಾಠ ಒಂದಕ್ಕೇ ನಾನು ಕಟ್ಟಿದ ಫೀಸಿನ ಅರ್ಧ ಸಲ್ಲುತ್ತದೆ. ಅವತ್ತು ಸರ್ ಪೂರ್ತಿ ಮೂರು ಗಂಟೆ ನಿಯಮಗಳನ್ನೇ ಹೇಳಿದರು. ಅಮೆಜಾನ್‌ನಲ್ಲಿ ಅಫಿಲಿಯೇಟ್ ಆಗಿ ಸೇರಿದ 180 ದಿನದೊಳಗೆ ಮೂರು ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತದೆ, ಆಮೇಲೆ ಮತ್ತೆ ಅರ್ಜಿ ಹಾಕಬೇಕು. ನಮ್ಮ ಲಿಂಕಿನಲ್ಲಿ ನಾವೇ ಕೊಂಡರೆ ಲೆಕ್ಕಕ್ಕಿಲ್ಲ. ಒಬ್ಬರು ಲಿಂಕ್ ಒತ್ತಿದ ಮೇಲೆ 24 ಗಂಟೆ ಮಾತ್ರ ಆ ಭೇಟಿ ನಮ್ಮ ಹೆಸರಿನಲ್ಲಿರುತ್ತದೆ, ಆ ಹೊತ್ತಿನಲ್ಲಿ ಅವರು ನಾವು ಹೇಳಿದ ವಸ್ತು ಬಿಟ್ಟು ಬೇರೆ ಏನಾದರೂ ಕೊಂಡರೂ ಕಮಿಷನ್ ಬರಬಹುದು. ವಸ್ತು ವಾಪಸ್ ಹೋದರೆ ಕಮಿಷನ್ನೂ ವಾಪಸ್. ಬೆಲೆಯನ್ನು ಬರಹದಲ್ಲಿ ನಾವೇ ಟೈಪ್ ಮಾಡಿ ಇಡಬಾರದು, ಯಾಕೆಂದರೆ ಬೆಳಿಗ್ಗೆ ಇದ್ದ ಬೆಲೆ ಸಂಜೆಗೆ ಇರುವುದಿಲ್ಲ. ಇವನ್ನೆಲ್ಲ ಇಂಗ್ಲಿಷಿನ ಉದ್ದುದ್ದ ಪುಟಗಳಲ್ಲಿ ಓದಿ ಅರ್ಥ ಮಾಡಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಗುತ್ತಿತ್ತು.

ಅದೇ ದಿನ ಅವರು ಇನ್ನೊಂದು ಕೆಲಸ ಮಾಡಿಸಿದರು, ಅದಕ್ಕೆ ನಾನು ಯಾವಾಗಲೂ ಋಣಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಒಂದು ಮಾರ್ಗದರ್ಶಿ ಹೊರಡಿಸಿತು. ದುಡ್ಡೋ ಕಮಿಷನ್ನೋ ಪಡೆದು ಒಂದು ವಸ್ತುವನ್ನು ಶಿಫಾರಸು ಮಾಡುವವರು ಅದನ್ನು ಎದ್ದು ಕಾಣುವ ಹಾಗೆ ಹೇಳಬೇಕು, ಶಿಫಾರಸು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಹೇಳಬೇಕು ಅಂತ ಅದರಲ್ಲಿದೆ. ಅಂದರೆ ಕನ್ನಡದಲ್ಲಿ ಬರೆದು ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಒಂದು ಇಂಗ್ಲಿಷ್ ಸಾಲು ಅಂಟಿಸಿದರೆ ಆಗಲಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ. ಸರ್ ಒಬ್ಬೊಬ್ಬರ ಕೈಲೂ ಆ ಒಂದು ಸಾಲನ್ನು ಕನ್ನಡದಲ್ಲಿ ಬರೆಸಿ, ಎದ್ದು ನಿಂತು ಓದಿಸಿದರು. ನಮ್ಮ ಜೊತೆ ಕುವೆಂಪುನಗರದ ಒಬ್ಬರು ನಿವೃತ್ತ ಟೀಚರ್ ಇದ್ದರು. ಅವರು ಓದಿದ್ದು ಹೀಗಿತ್ತು: ‘ಈ ಲಿಂಕಿನಿಂದ ನೀವು ಕೊಂಡರೆ ನನಗೆ ಸ್ವಲ್ಪ ಕಮಿಷನ್ ಸಿಗುತ್ತದೆ. ನಿಮಗೆ ಬೇಡ ಅನ್ನಿಸಿದರೆ ಕೊಳ್ಳಬೇಡಿ, ಓದಿದ್ದೇ ಸಂತೋಷ.’ ಇಡೀ ಕ್ಲಾಸಿನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಎರಡು ವಾಕ್ಯ ಅವು. ಅವರನ್ನು ಕೇಳಿಯೇ ನನ್ನ ಬರಹಗಳ ಮೇಲೂ ಹಾಕಿಕೊಂಡಿದ್ದೇನೆ.

ಇನ್ನು ಕೊರತೆಗೆ ಬರೋಣ.

ಎರಡನೇ ಭಾನುವಾರ ನಿಶ್ ಆರಿಸುವ ಪಾಠ. ಸರ್ ಬೋರ್ಡಿನ ಮೇಲೆ ಐದಾರು ವಿಷಯ ಬರೆದರು: ಕ್ರೆಡಿಟ್ ಕಾರ್ಡ್, ವೆಬ್ ಹೋಸ್ಟಿಂಗ್, ಮೊಬೈಲ್, ತೂಕ ಇಳಿಸುವ ಪುಡಿ, ಹೀಗೆ. ಮುಂದೆ ಕಮಿಷನ್ ಎಷ್ಟು ಅಂತ ಬರೆದರು. ಜಾಸ್ತಿ ಇರುವುದನ್ನು ಆರಿಸಿ ಅಂದರು. ಹತ್ತು ನಿಮಿಷ ಟೈಮ್. ನನಗೆ ಆ ಹತ್ತು ನಿಮಿಷ ಚೆನ್ನಾಗಿ ನೆನಪಿದೆ, ಹದಿನೆಂಟು ಜನರೂ ಬೋರ್ಡನ್ನೇ ನೋಡುತ್ತಿದ್ದೆವು, ಒಬ್ಬರೂ ತಮ್ಮ ಮನೆ ಕಡೆ, ಕೆಲಸದ ಕಡೆ ತಿರುಗಿ ನೋಡಲಿಲ್ಲ. ನಾನು ಮೊಬೈಲ್ ಅಂತ ಬರೆದು ಕೊಟ್ಟೆ. ಸರ್ ‘ಗುಡ್’ ಅಂದರು.

ಮೂರು ತಿಂಗಳಲ್ಲಿ ಮೊಬೈಲ್ ಬಗ್ಗೆ 22 ಬರಹ ಬರೆದೆ. ಆ ಇಪ್ಪತ್ತೆರಡು ಫೋನುಗಳಲ್ಲಿ ಒಂದನ್ನೂ ನಾನು ಕೈಯಲ್ಲಿ ಹಿಡಿದಿರಲಿಲ್ಲ. ಕಂಪನಿಯವರ ಪುಟದಲ್ಲಿ ಇರುವುದನ್ನೇ ಕನ್ನಡದಲ್ಲಿ ಹೇಳುತ್ತಿದ್ದೆ, ರ‍್ಯಾಮ್ ಇಷ್ಟು, ಕ್ಯಾಮೆರಾ ಇಷ್ಟು ಅಂತ. ಒಬ್ಬ ಹುಡುಗ ಕೇಳಿದ, ‘ಬಿಸಿಲಲ್ಲಿ ಸ್ಕ್ರೀನ್ ಕಾಣುತ್ತಾ? ನಾನು ಡೆಲಿವರಿ ಕೆಲಸ ಮಾಡೋದು.’ ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ? ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಏನೋ ಹೇಳಿದರೆ ಅವನ ದುಡ್ಡು ಹೋಗುತ್ತದೆ, ಹೇಳದಿದ್ದರೆ ನಾನು ಬರೆದದ್ದಕ್ಕೆ ಬೆಲೆ ಇಲ್ಲ. ಅವತ್ತೇ ನಿಲ್ಲಿಸಿದೆ. ಆ ಮೂರು ತಿಂಗಳಲ್ಲಿ ಬಂದ ಕಮಿಷನ್ ಸೊನ್ನೆ, ಆದರೆ ನನಗೆ ಚುಚ್ಚಿದ್ದು ಆ ಹುಡುಗನ ಪ್ರಶ್ನೆ.

ನಮ್ಮ ಚಿಕ್ಕಪ್ಪನದ್ದು ಮಂಡ್ಯದಲ್ಲಿ ಮಿಕ್ಸಿ, ಗ್ರೈಂಡರ್, ಫ್ಯಾನ್ ರಿಪೇರಿ ಅಂಗಡಿ. ಪಿಯುಸಿ ಓದುವಾಗಿನಿಂದ ನಾನು ಅಲ್ಲಿ ಕೂರುತ್ತೇನೆ. ಬರೆಯೋದು ನಿಲ್ಲಿಸಿದ ಮೇಲೆ ಒಂದು ಮಧ್ಯಾಹ್ನ, ಕೆರಗೋಡು ಕಡೆಯ ಒಬ್ಬರು ಅಕ್ಕ ಚೀಲದಲ್ಲಿ ಮಿಕ್ಸಿ ಹಾಕಿಕೊಂಡು ಬಂದರು. ‘ಇದು ಸತ್ತೋಯ್ತು ಕಣಣ್ಣ, ಹೊಸದು ಯಾವ್ದು ತಗೊಳ್ಳಿ ಹೇಳು, ಹಬ್ಬಕ್ಕೆ ಬೇಕು’ ಅಂದರು. ಚಿಕ್ಕಪ್ಪ ಜಾರ್ ತೆಗೆದಿಟ್ಟು ಸ್ವಿಚ್ ಹಾಕಿದರು. ಮೋಟಾರು ಜುಯ್ ಅಂತ ತಿರುಗಿತು. ಜಾರ್ ಇಟ್ಟರು, ಕಟಕಟ ಸದ್ದು, ಬ್ಲೇಡ್ ತಿರುಗಲಿಲ್ಲ. ‘ಮೋಟ್ರು ಚೆನ್ನಾಗದೆ ಕಣವ್ವ, ಕಪ್ಲರ್ ಹಲ್ಲು ಸವೆದೋಗವೆ ಅಷ್ಟೇಯ’ ಅಂದು, ಮೋಟಾರಿನ ತಲೆಯ ಮೇಲಿರುವ ಆ ಕಪ್ಪು ಬಿಲ್ಲೆಯನ್ನು ಬಿಚ್ಚಿ ಅವರ ಅಂಗೈಯಲ್ಲಿ ಇಟ್ಟರು. ಹಲ್ಲು ಇರಬೇಕಾದ ಕಡೆ ನುಣ್ಣಗೆ, ಹುಣಸೆ ಬೀಜದ ಹಾಗೆ ಆಗಿತ್ತು. ಹೊಸದು ಹಾಕಿದರು, ನೂರು ರೂಪಾಯಿಯೂ ಆಗಲಿಲ್ಲ. ಆ ಅಕ್ಕ ಹೊಸ ಮಿಕ್ಸಿಗೆ ಅಂತ ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದ ದುಡ್ಡನ್ನು ಮತ್ತೆ ಹಾಗೇ ಗಂಟು ಹಾಕಿಕೊಂಡರು.

ಅವರು ಹೋದ ಮೇಲೆ ನಾನು ಅಂಗಡಿಯ ಬಿಲ್ ಪುಸ್ತಕದ ಹಿಂದೆ ಬರೆಯಲು ಶುರು ಮಾಡಿದೆ. ಒಂದು ವಾರದಲ್ಲಿ ಜನ ಬಂದು ನಮ್ಮನ್ನು ಏನೇನು ಕೇಳಿದರು? ಜಾರಿನ ಕೆಳಗಿಂದ ಕಪ್ಪು ನೀರು ಸೋರುತ್ತದೆ, ಯಾಕೆ. ರುಬ್ಬುತ್ತಾ ರುಬ್ಬುತ್ತಾ ನಿಂತುಬಿಡುತ್ತದೆ, ಕೆಟ್ಟಿತಾ. ಬಸ್ಸಾರಿನ ಖಾರ ನುಣ್ಣಗೆ ಆಗಲ್ಲ. 500 ವ್ಯಾಟ್ ಸಾಕಾ, 750 ಬೇಕಾ. ಇಬ್ಬರೇ ಇರೋ ಮನೆಗೆ ವೆಟ್ ಗ್ರೈಂಡರ್ ಬೇಕಾ. ಮಗಳ ಮದುವೆಗೆ ಕೊಡಬೇಕು, ಬೇಗ ಕೆಡದೇ ಇರೋದು ಯಾವುದು. ಒಂದು ವಾರಕ್ಕೆ 31 ಪ್ರಶ್ನೆ ಆದವು. ಪ್ರತಿಯೊಂದಕ್ಕೂ ಉತ್ತರ ನನಗೋ ಚಿಕ್ಕಪ್ಪನಿಗೋ ಗೊತ್ತಿತ್ತು. ಸೋರುವುದು ಜಾರಿನ ತಳದಲ್ಲಿ ಬ್ಲೇಡಿನ ಕಡ್ಡಿ ಕೂರುವ ಬುಷ್ ಸವೆದದ್ದಕ್ಕೆ. ನಿಂತುಬಿಡುವುದು ಓವರ್‌ಲೋಡ್ ಸ್ವಿಚ್ ಬಿದ್ದದ್ದಕ್ಕೆ, ಸ್ವಲ್ಪ ತಣ್ಣಗಾಗಲು ಬಿಟ್ಟು, ಮಿಕ್ಸಿ ಮಗುಚಿ ಕೆಳಗಿನ ಕೆಂಪು ಬಟನ್ ಒತ್ತಿದರೆ ಮತ್ತೆ ಓಡುತ್ತದೆ. ಎಷ್ಟೋ ಜನ ಅದಕ್ಕೇ ಆಟೋ ಚಾರ್ಜ್ ಕೊಟ್ಟು ಅಂಗಡಿಗೆ ಬರುತ್ತಾರೆ.

ಕ್ಲಾಸಿನಲ್ಲಿ ಹೇಳಿಕೊಡಬೇಕಿದ್ದದ್ದು ಇದು. ಜನ ಈಗಾಗಲೇ ಯಾವ ವಿಷಯಕ್ಕೆ ನಿಮ್ಮ ಮನೆ ಬಾಗಿಲಿಗೆ ಬಂದು ಕೇಳುತ್ತಾರೋ, ಅದೇ ನಿಮ್ಮ ನಿಶ್. ಸರ್ ಕೊಟ್ಟ ಹತ್ತು ನಿಮಿಷದ ಬದಲು ಒಂದು ವಾರ ಕೊಟ್ಟು, ‘ಈ ವಾರ ನಿಮ್ಮನ್ನು ಯಾರು ಏನು ಕೇಳಿದರು ಬರೆದುಕೊಂಡು ಬನ್ನಿ’ ಅಂದಿದ್ದರೆ ಹದಿನೆಂಟು ಜನರಲ್ಲಿ ಹದಿನೆಂಟು ವಿಷಯ ಸಿಗುತ್ತಿದ್ದವು ಅಂತ ನಾನು ನಂಬುತ್ತೇನೆ.

ಗೂಗಲ್ ಕೂಡ ಇದೇ ದಾರಿಯಲ್ಲಿದೆ. 2021ರ ಏಪ್ರಿಲ್‌ನಲ್ಲಿ ಅದು ವಸ್ತುಗಳ ವಿಮರ್ಶೆಗೆ ಅಂತಲೇ ತನ್ನ ಹುಡುಕಾಟದ ಪದ್ಧತಿ ಬದಲಿಸಿತು, ಬರೀ ಮೇಲೆ ಮೇಲೆ ಬರೆದದ್ದಕ್ಕಿಂತ ಆಳವಾಗಿ ಪರೀಕ್ಷಿಸಿ ಬರೆದದ್ದಕ್ಕೆ ಆದ್ಯತೆ ಅಂತ. 2022ರ ಡಿಸೆಂಬರ್‌ನಲ್ಲಿ, ಪುಟಗಳ ಗುಣ ಅಳೆಯುವವರಿಗೆ ಕೊಡುವ ಕೈಪಿಡಿಯಲ್ಲಿ ‘ಅನುಭವ’ ಅನ್ನುವುದನ್ನು ಹೊಸದಾಗಿ ಸೇರಿಸಿತು. ಬರೆದವರು ಆ ವಸ್ತುವನ್ನು ನಿಜವಾಗಿ ಬಳಸಿದ್ದಾರಾ ಅನ್ನೋದು ಅದರ ಅರ್ಥ. ನಮಗೆ ಕೊಟ್ಟ ನೋಟ್ಸಿನಲ್ಲಿ ಇವೆರಡೂ ಇರಲಿಲ್ಲ. 4,000 ತೆಗೆದುಕೊಂಡ ಮೇಲೆ ನೋಟ್ಸನ್ನು ವರ್ಷಕ್ಕೊಮ್ಮೆಯಾದರೂ ತಿದ್ದಬೇಕು.

‘ಮಿಕ್ಸಿ ಒಂದೇ ಅಂದ್ರೆ ತುಂಬಾ ಸಣ್ಣ ವಿಷಯ ಅಲ್ವಾ’ ಅಂತ ಬಹಳ ಜನ ಕೇಳುತ್ತಾರೆ. ಸಣ್ಣದಾಗಿರುವುದೇ ಒಳ್ಳೆಯದು. ಮೊಬೈಲ್ ಬಗ್ಗೆ ದೊಡ್ಡ ದೊಡ್ಡ ಸಂಸ್ಥೆಗಳು ಸಂಬಳ ಕೊಟ್ಟು ದಿನವೂ ಬರೆಸುತ್ತವೆ, ಕಪ್ಲರ್ ಸವೆತದ ಬಗ್ಗೆ ಮಂಡ್ಯದ ಕನ್ನಡದಲ್ಲಿ ಬರೆಯುವವರು ನನಗಂತೂ ಕಾಣಲಿಲ್ಲ. ಕಮಿಷನ್ ಸಣ್ಣದು ನಿಜ. ಆದರೆ ಮಿಕ್ಸಿಯಿಂದ ಜಾರ್, ಜಾರಿನಿಂದ ಗ್ರೈಂಡರ್, ಅಲ್ಲಿಂದ ಕುಕ್ಕರ್ ಗ್ಯಾಸ್ಕೆಟ್ ಅಂತ ಅಡುಗೆಮನೆಯೊಳಗೇ ಒಂದೊಂದಾಗಿ ದಾರಿ ಸಿಗುತ್ತಾ ಹೋಗುತ್ತದೆ.

ಒಂದು ಎಚ್ಚರ ಮಾತ್ರ ಬೇಕು, ಅದನ್ನು ನಾನು ಆ ಟೀಚರ್ ಅವರಿಂದ ಕಲಿತೆ. ಅವರು ಕ್ಲಾಸಿನಲ್ಲಿ ಕ್ರೆಡಿಟ್ ಕಾರ್ಡ್ ಆರಿಸಿದ್ದರು, ಆಮೇಲೆ ಬಿಟ್ಟು ದಸರಾ ಗೊಂಬೆ ಹಿಡಿದರು. ಮನೆಯಲ್ಲಿ ನಲವತ್ತು ವರ್ಷದಿಂದ ಗೊಂಬೆ ಕೂರಿಸುತ್ತಾರೆ, ಪಟ್ಟದ ಗೊಂಬೆಗೆ ಸೀರೆ ಉಡಿಸುವುದರಿಂದ ಹಿಡಿದು ಮಡಚುವ ಮೆಟ್ಟಿಲು ಎಷ್ಟು ಭಾರ ತಡೆಯುತ್ತದೆ ಅನ್ನುವವರೆಗೆ ಅವರಿಗೆ ಗೊತ್ತು. ನವರಾತ್ರಿ ಹತ್ತಿರ ಬಂದಾಗ ಅವರ ಬರಹಗಳನ್ನು ಜನ ಹುಡುಕಿಕೊಂಡು ಬಂದು ಓದಿದರು. ವಿಜಯದಶಮಿ ಕಳೆದ ಮೇಲೆ ಯಾರೂ ಇಲ್ಲ. ಗೂಗಲ್ ಟ್ರೆಂಡ್ಸ್ ಅಂತ ಉಚಿತವಾಗಿ ಸಿಗುವ ಒಂದು ಪುಟ ಇದೆ, ಅದರಲ್ಲಿ ಕರ್ನಾಟಕ ಅಂತ ಆರಿಸಿ ನಿಮ್ಮ ವಿಷಯ ಹಾಕಿದರೆ ಯಾವ ತಿಂಗಳು ಜನ ಎಷ್ಟು ಹುಡುಕುತ್ತಾರೆ ಅನ್ನುವ ಏರಿಳಿತ ಕಾಣುತ್ತದೆ. ಅದನ್ನು ನೋಡಿಕೊಂಡು ಅವರು ಈಗ ದೀಪ, ಪೂಜೆ ಪಾತ್ರೆ, ವರಮಹಾಲಕ್ಷ್ಮಿ ಅಲಂಕಾರ ಎಲ್ಲವನ್ನೂ ಸೇರಿಸಿ ವರ್ಷಪೂರ್ತಿ ಬರೆಯುತ್ತಿದ್ದಾರೆ. ನಮ್ಮ ಕಡೆಗೂ ಏರಿಳಿತ ಇದೆ. ಯುಗಾದಿ, ಗೌರಿ ಹಬ್ಬ, ಆಯುಧಪೂಜೆಗೆ ಮುಂಚೆ, ಆಮೇಲೆ ಕಬ್ಬಿನ ದುಡ್ಡು ಕೈಗೆ ಬಂದಾಗ ಅಂಗಡಿಯಲ್ಲಿ ವಿಚಾರಿಸುವವರು ಜಾಸ್ತಿ. ಬರಹವನ್ನು ಅದಕ್ಕಿಂತ ಎರಡು ತಿಂಗಳು ಮುಂಚೆ ಹಾಕಿಬಿಡುತ್ತೇನೆ, ಗೂಗಲ್‌ನಲ್ಲಿ ಮೇಲೆ ಬರಲು ಅಷ್ಟು ಹೊತ್ತು ಬೇಕೇ ಬೇಕು.

ಇನ್ನು ಹುಮ್ಮಸ್ಸಿನ ವಿಷಯ. ಪ್ರತಿ ಭಾನುವಾರ ಕೊನೆಯ ಅರ್ಧ ಗಂಟೆ ಸರ್ ‘ಮೋಟಿವೇಷನ್’ ಅಂತ ಇಟ್ಟಿದ್ದರು. ಯಾರದೋ ಲಕ್ಷ ರೂಪಾಯಿ ಗಳಿಕೆಯ ಸ್ಕ್ರೀನ್‌ಶಾಟ್ ತೋರಿಸುವುದು, ಎಲ್ಲರೂ ಚಪ್ಪಾಳೆ ತಟ್ಟುವುದು, ಮುಂದಿನ ವರ್ಷ ಯಾವ ಕಾರು ತಗೋತೀರಿ ಅಂತ ಬರೆಸುವುದು. ನನಗೆ ಇದು ಬಹಳ ಬೇಸರ ತಂದ ಭಾಗ. ವಾಪಸ್ ರೈಲಿನಲ್ಲಿ ಪಾಂಡವಪುರ ದಾಟುವವರೆಗೂ ಆ ಹುರುಪು ಇರುತ್ತಿತ್ತು. ಸೋಮವಾರ ಮೊಬೈಲಿನಲ್ಲಿ ನಮ್ಮ ಖಾತೆ ತೆರೆದು ಸೊನ್ನೆ ನೋಡಿದ ಕೂಡಲೇ ಪೂರ್ತಿ ಇಳಿದುಹೋಗುತ್ತಿತ್ತು. ಟಿ. ನರಸೀಪುರದ ಒಬ್ಬ ಹುಡುಗ ಬ್ಯಾಟರಿ ಸ್ಪ್ರೇಯರ್ ಬಗ್ಗೆ ಬರೆಯುತ್ತಿದ್ದ, ಅವರದ್ದೇ ಗದ್ದೆಯಲ್ಲಿ ಹೊಡೆದು ನೋಡಿ, ಒಂದು ಚಾರ್ಜಿಗೆ ಎಷ್ಟು ಟ್ಯಾಂಕ್ ಬರುತ್ತದೆ ಅಂತ ಎಣಿಸಿ. ಅಷ್ಟು ಒಳ್ಳೆಯ ಕೆಲಸ. ಆ ಲಕ್ಷದ ಸ್ಕ್ರೀನ್‌ಶಾಟಿಗೆ ಹೋಲಿಸಿಕೊಂಡು ನಾಲ್ಕೇ ತಿಂಗಳಿಗೆ ಬಿಟ್ಟುಬಿಟ್ಟ. ಅವನನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಮೊದಲ ಆರು ತಿಂಗಳು ದುಡ್ಡು ಬರದೇ ಇರುವುದು ಸಹಜ ಅಂತ ಮೊದಲ ದಿನವೇ ಹೇಳಿಬಿಟ್ಟಿದ್ದರೆ ಅವನು ಉಳಿಯುತ್ತಿದ್ದ ಅಂತ ನನಗೆ ಅನ್ನಿಸುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿಲ್ ಪುಸ್ತಕದ ಆ ಪಟ್ಟಿ. ಕಮಿಷನ್ ಪುಟವನ್ನು ತಿಂಗಳಿಗೆ ಒಂದೇ ಸಲ, ಒಂದನೇ ತಾರೀಖು ನೋಡುತ್ತೇನೆ. ಉಳಿದ ದಿನ ಲೆಕ್ಕ ಇಡುವುದು ಎಷ್ಟು ಪ್ರಶ್ನೆಗೆ ಉತ್ತರ ಬರೆದೆ ಅನ್ನುವುದನ್ನು. ವಾರಕ್ಕೆ ಎರಡು, ಅದಕ್ಕಿಂತ ಜಾಸ್ತಿ ಇಲ್ಲ. ಅಂಗಡಿಯಲ್ಲಿ ಜನ ಕಡಿಮೆ ಇರುವ ಮಧ್ಯಾಹ್ನ ಎರಡರಿಂದ ನಾಲ್ಕು ನನ್ನ ಬರೆಯುವ ಹೊತ್ತು. ಉತ್ತರ ಬರೆದ ಪ್ರಶ್ನೆಯ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತೇನೆ. ಆ ಗೆರೆ ನನ್ನ ಕೈಯಲ್ಲಿದೆ, ಕಮಿಷನ್ ನನ್ನ ಕೈಯಲ್ಲಿಲ್ಲ. ಜನ ಹೇಗೆ ಮಾತಾಡುತ್ತಾರೋ ಹಾಗೇ ತಲೆಬರಹ ಕೊಡುತ್ತೇನೆ, ‘ಮಿಕ್ಸಿ ಜಾರ್ ಸೋರ್ತಾ ಇದೆ ಏನ್ ಮಾಡೋದು’ ಅಂತ, ಯಾಕೆಂದರೆ ಎಷ್ಟೋ ಜನ ಈಗ ಟೈಪ್ ಮಾಡದೆ ಫೋನಿಗೆ ಬಾಯಲ್ಲೇ ಹೇಳಿ ಹುಡುಕುತ್ತಾರೆ.

ಮೊದಲ ಕಮಿಷನ್ ಬಂದದ್ದು ಐದನೇ ತಿಂಗಳು, 14 ರೂಪಾಯಿ. ಯಾರೋ ಮಿಕ್ಸಿ ಲಿಂಕ್ ಒತ್ತಿ ಹೋಗಿ ಮಕ್ಕಳ ಟಿಫಿನ್ ಬಾಕ್ಸ್ ಕೊಂಡಿದ್ದರು. ಮೂರನೇ ಭಾನುವಾರದ 24 ಗಂಟೆ ಪಾಠ ಅವತ್ತು ಕಣ್ಣಿಗೆ ಕಂಡಿತು. ಅದಕ್ಕಿಂತ ದೊಡ್ಡ ಖುಷಿ ಅದೇ ವಾರ ಬಂದ ಒಂದು ಸಂದೇಶ. ಕೆಂಪು ಬಟನ್ ಬಗ್ಗೆ ಓದಿ, ಒತ್ತಿ ನೋಡಿ, ‘ಮಿಕ್ಸಿ ಓಡ್ತು ಕಣ್ರೀ, ಎರಡು ತಿಂಗಳಿಂದ ಒರಳಲ್ಲಿ ರುಬ್ತಾ ಇದ್ದೆ’ ಅಂತ ಒಬ್ಬರು ಬರೆದಿದ್ದರು. ಆ ಬರಹದಿಂದ ನನಗೆ ಒಂದು ರೂಪಾಯಿಯೂ ಬಂದಿಲ್ಲ, ಬರುವುದೂ ಇಲ್ಲ. ಆದರೆ ಆಮೇಲೆ ಅವರೇ ತಮ್ಮ ತಂಗಿ ಮನೆಗೆ ಯಾವ ಗ್ರೈಂಡರ್ ಕೊಳ್ಳಲಿ ಅಂತ ಕೇಳಿಕೊಂಡು ಬಂದರು. ಕೊಳ್ಳಬೇಡಿ ಅಂತ ಹತ್ತು ಸಲ ನಿಜ ಹೇಳಿದವರ ಮಾತನ್ನೇ ಜನ ಹನ್ನೊಂದನೇ ಸಲ ನಂಬಿ ಕೊಳ್ಳುತ್ತಾರೆ, ಚಿಕ್ಕಪ್ಪನ ಅಂಗಡಿ ಇಷ್ಟು ವರ್ಷ ನಡೆದಿರುವುದೂ ಹಾಗೇ.

ಕೊನೆಯ ಭಾನುವಾರದ ಬಗ್ಗೆ ಹೇಳಲೇಬೇಕು. ಅವತ್ತು ಅರ್ಧ ಹೊತ್ತು 25,000 ರೂಪಾಯಿಯ ‘ಅಡ್ವಾನ್ಸ್’ ಕೋರ್ಸ್ ಮಾರುವುದರಲ್ಲೇ ಹೋಯಿತು. ಒಬ್ಬರನ್ನು ಕರೆತಂದರೆ ನಿಮಗೆ ಇಷ್ಟು ಅಂತಲೂ ಹೇಳಿದರು. ನಾನು ಸೇರಲಿಲ್ಲ. ಗೆಳೆಯರನ್ನು ಸೇರಿಸಿದ್ದಕ್ಕೆ ದುಡ್ಡು ಬರುವುದೇ ಮುಖ್ಯವಾದರೆ ಅದು ಬೇರೆ ವ್ಯವಹಾರ, ವಸ್ತುವನ್ನು ಪರೀಕ್ಷಿಸಿ ಶಿಫಾರಸು ಮಾಡುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಜನರನ್ನು ಸೇರಿಸುತ್ತಾ ಹೋಗಿ ದುಡ್ಡು ಮಾಡುವ ಪಿರಮಿಡ್ ಯೋಜನೆಗಳನ್ನು 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳು ನಿಷೇಧಿಸಿವೆ. ಈ ಕ್ಲಾಸ್ ಅಂಥದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಇಂಥ ಮಾತು ಬಂದ ಕಡೆ ಸ್ವಲ್ಪ ನಿಂತು ಯೋಚಿಸಿ, ಅದರಲ್ಲೂ ಓದು ಮುಗಿಸಿ ಕೆಲಸ ಹುಡುಕುತ್ತಿರುವ ಮಕ್ಕಳು.

ಇವತ್ತಿಗೆ ನನ್ನ ಗಳಿಕೆ ತಿಂಗಳಿಗೆ ಅಂಗಡಿಯ ಕರೆಂಟ್ ಬಿಲ್ ಕಟ್ಟುವಷ್ಟು, ಹಬ್ಬದ ತಿಂಗಳು ಅದರ ಎರಡರಷ್ಟು. ಪ್ಯಾನ್ ಕೊಟ್ಟಿರುತ್ತೇವೆ, ಕಮಿಷನ್‌ನಲ್ಲಿ ಟಿಡಿಎಸ್ ಅಂತ ಮುಂಚೆಯೇ ತೆರಿಗೆ ಹಿಡಿದರೆ ಅದನ್ನು ಆದಾಯ ತೆರಿಗೆ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಇದನ್ನೂ ಕ್ಲಾಸಿನಲ್ಲಿ ಚೆನ್ನಾಗಿಯೇ ಹೇಳಿಕೊಟ್ಟಿದ್ದರು.

ಕ್ಲಾಸಿಗೆ ಸ್ಟಾರ್ ಕೊಡಿ ಅಂದರೆ ಐದಕ್ಕೆ ಮೂರು ಕೊಡುತ್ತೇನೆ. ಮೂರೂ ನಿಯಮದ ಪಾಠಕ್ಕೆ, ಮತ್ತೆ ಎಷ್ಟು ಸಲ ಕೇಳಿದರೂ ಮುಖ ಸಿಂಡರಿಸದೆ ಉತ್ತರ ಕೊಟ್ಟ ಸರ್ ತಾಳ್ಮೆಗೆ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವುದು ಸಲೀಸಾದರೆ ನಿಮಗೆ ಈ ಕ್ಲಾಸ್ ಬೇಕಾಗಿಲ್ಲ, ಎಲ್ಲ ಉಚಿತವಾಗಿಯೇ ಸಿಗುತ್ತದೆ. ಕನ್ನಡದಲ್ಲಿ ಕೂತು ಕೇಳಿ ಕಲಿಯಬೇಕು ಅನ್ನುವವರು ಹೋಗಬಹುದು. ಆದರೆ ಹೋಗುವ ಮುಂಚೆ ಒಂದು ವಾರದ ಪಟ್ಟಿ ಮಾಡಿಕೊಂಡು ಹೋಗಿ. ಎರಡನೇ ಭಾನುವಾರ ಸರ್ ಬೋರ್ಡಿನ ಮೇಲೆ ಕ್ರೆಡಿಟ್ ಕಾರ್ಡ್ ಅಂತ ಬರೆದಾಗ ನಿಮ್ಮ ಪಟ್ಟಿ ತೆಗೆದು ಅವರ ಮುಂದೆ ಇಡಿ. ಅವರು ಓದುತ್ತಾರೆ, ಬೇಡ ಅನ್ನುವ ಮನುಷ್ಯ ಅಲ್ಲ.